ನೂರ ನಲವತ್ತೆರಡನೆಯ ಹಗ್ಗ

ಹೋದ ತಿಂಗಳು ಒಂದು ಬುಧವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ನನ್ನ ಸ್ವೆಟರಿನ ಗುಂಡಿಯೊಂದು ಕಿತ್ತು ಕೈಗೆ ಬಂತು. ಹತ್ತು ನಿಮಿಷದ ಲೆಕ್ಕ ಯಾರು ಕೇಳಿದರು ಎಂದು ನೀವು ನಗಬಹುದು. ನಗಿ. ಮೂವತ್ತಾರು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು ನಾನು. ಗಡಿಯಾರ ನೋಡದೆ ದೊಡ್ಡಮ್ಮನಿಗೆ ಸೀನೂ ಬರುವುದಿಲ್ಲ ಎಂದು ತಂಗಿಯ ಮಗಳು ಹೇಳುತ್ತಾಳೆ. ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ಕಾಫಿ, ಆರೂಕಾಲಿಗೆ ವಾಕಿಂಗ್. ಕೆ.ಆರ್. ನಗರದ ಅವಳ ಮನೆಯ ಮಹಡಿಯ ಕೋಣೆಗೆ ನಾನು ಬಂದು ಎಷ್ಟೋ ವರ್ಷಗಳಾದವು. ಈ ಸಾಲು ಆ ದಿನದವರೆಗೆ ಒಮ್ಮೆಯೂ ತಪ್ಪಿರಲಿಲ್ಲ.

ಗುಂಡಿ ಹೊಲಿಯಲು ಐದು ನಿಮಿಷ ಸಾಕು. ಹೊಲಿಗೆ ಡಬ್ಬಿ ತೆಗೆದೆ. ಡಬ್ಬಿಯ ಮೇಲೆ ಚೀಟಿ ಅಂಟಿಸಿದ್ದೇನೆ, ಒಳಗೇನಿದೆ ಎಂದು. ಆ ಚೀಟಿಯಲ್ಲಿಲ್ಲದ ವಸ್ತು ಒಳಗೆ ಒಂದೇ ಒಂದಿದೆ: ತಳದಲ್ಲಿ, ಹಳೆಯ ಬಟ್ಟೆಯ ತುಂಡಿನಲ್ಲಿ ಸುತ್ತಿಟ್ಟ ನಿಂಬೆಹಣ್ಣಿನ ಗಾತ್ರದ ಜೇನುಮೇಣದ ಉಂಡೆ. ದಾರ ಬಲವಾಗಿರಲಿ ಎಂದು ಅದರ ಮೇಲೆ ಒಂದು ಸಲ ಎಳೆದೆ. ಕೈಯ ಬಿಸಿಗೆ ವಾಸನೆ ಎದ್ದಿತು. ಜೇನಿನ ಸಿಹಿ ವಾಸನೆಯಲ್ಲ ಅದು. ಬಿಸಿಲಿಗೆ ಕಾದ ಮರದ ತೊಗಟೆಗೆ ಮೂಗು ಹಚ್ಚಿದ ಹಾಗೆ, ಸ್ವಲ್ಪ ಹೊಗೆ, ಸ್ವಲ್ಪ ಕಾಡು. ಉಂಡೆಯ ತುಂಬ ಸಣ್ಣ ಸಣ್ಣ ಗೀರುಗಳು, ಒಂದರ ಮೇಲೊಂದು. ಪ್ರತಿ ಗೀರೂ ಒಂದು ದಾರ ಹಾದುಹೋದ ಗುರುತು. ಗುಂಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಎಷ್ಟು ಹೊತ್ತು ಕುಳಿತೆನೋ, ತಂಗಿಯ ಮಗಳು ಓಡಿಬಂದು ಬಾಗಿಲಲ್ಲಿ ನಿಂತಳು. ಏಳೂವರೆಯಾದರೂ ಗೇಟಿನ ಸದ್ದು ಕೇಳಲಿಲ್ಲವೆಂದು ಅವಳಿಗೆ ಗಾಬರಿ.

ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ನಿಮಗೆ ಬಿಡುವಿದ್ದರೆ.

ನಾನಾಗ ಹುಣಸೂರಿನ ಆಸ್ಪತ್ರೆಯಲ್ಲಿದ್ದೆ. ವಯಸ್ಸು ನಲವತ್ತಾರು. ಅಪ್ಪ ಬೇಗ ಹೋದ್ದರಿಂದ ತಮ್ಮ ತಂಗಿಯರನ್ನು ದಡ ಸೇರಿಸುವುದು ನನ್ನ ಪಾಲಿಗೆ ಬಂತು. ಅದು ಮುಗಿಯುವಷ್ಟರಲ್ಲಿ ನನ್ನ ಮದುವೆಯ ಮಾತನ್ನು ಎಲ್ಲರೂ ಮರೆತಿದ್ದರು, ನಾನೂ ಸೇರಿ. ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದೆ. ಹಾಸಿಗೆಯ ಮೂಲೆಗಳನ್ನು ಅಳತೆ ಹಿಡಿದು ಮಡಿಸದಿದ್ದರೆ ಇಡೀ ವಾರ್ಡಿನ ಹಾಸಿಗೆಗಳನ್ನು ಮತ್ತೆ ಹಾಸಿಸುತ್ತಿದ್ದ ಮೇಟ್ರನ್ ಕೈಕೆಳಗೆ ಕಲಿತವಳು ನಾನು. ನನ್ನ ಕೈಕೆಳಗಿನವರು ನನ್ನ ಹಿಂದೆ ಏನೆನ್ನುತ್ತಿದ್ದರೆಂದು ನನಗೆ ಗೊತ್ತಿತ್ತು. ಒಂದು ನಿಯಮವನ್ನಂತೂ ನಾನೇ ಮಾಡಿಕೊಂಡಿದ್ದೆ: ಕೆಲಸವಿಲ್ಲದೆ ಯಾರ ಮನೆಗೂ ಹೋಗುವುದಿಲ್ಲ. ಒಂಟಿ ಹೆಂಗಸಿಗೆ ಅದು ಮರ್ಯಾದೆಯ ದಾರಿ ಎಂದು ಭಾವಿಸಿದ್ದೆ.

ನಂಜಪ್ಪನವರು ಬಂದದ್ದು ಡ್ರೆಸ್ಸಿಂಗಿಗೆ. ಹನಗೋಡಿನವರು, ನೌಕಾದಳದಲ್ಲಿ ಹದಿನೈದು ವರ್ಷ ಬಡಗಿಯಾಗಿದ್ದು, ಬಿಟ್ಟುಬಂದು, ಹುಣಸೂರಿನ ಒಂದು ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಊರೆಲ್ಲ ಅವರನ್ನು ಮಿಲ್ಟ್ರಿ ನಂಜಪ್ಪ ಎನ್ನುತ್ತಿತ್ತು. ಮಿಲ್ಟ್ರಿ ಅಲ್ಲ, ನೇವಿ ಎಂದು ಅವರು ತಿದ್ದುತ್ತಿದ್ದರು, ಊರು ಮತ್ತೆ ಮಿಲ್ಟ್ರಿ ಎನ್ನುತ್ತಿತ್ತು. ಉಳಿ ಜಾರಿ ಎಡಗೈಯ ಎರಡು ಬೆರಳುಗಳ ಬುಡಕ್ಕೆ ಇಳಿದಿತ್ತು. ಡಾಕ್ಟರು ಹೊಲಿಗೆ ಹಾಕಿದರು, ನಾನು ದಿನವೂ ಕಟ್ಟು ಬದಲಿಸಬೇಕಾಯಿತು. ಒಂಬತ್ತಕ್ಕೆ ಬನ್ನಿ ಎಂದಿದ್ದೆ. ಮಾರನೆಯ ದಿನ ಒಂಬತ್ತೂ ಹತ್ತಕ್ಕೆ ಬಂದರು. ಬೆಂಚು ತೋರಿಸಿ, ಸಾಲು ಮುಗಿಯುವವರೆಗೆ ಕೂರಿಸಿದೆ. ಹನ್ನೊಂದಕ್ಕೆ ಕರೆದಾಗ ಅವರು ಮುಖ ಸಿಂಡರಿಸಲಿಲ್ಲ.

"ನಮ್ಮಲ್ಲಿ ಹತ್ತು ನಿಮಿಷ ತಡವಾದ್ರೆ ಹಡಗೇ ಹೋಗಿರ್ತಿತ್ತು ಸಿಸ್ಟರ್," ಎಂದರು. "ನೀವು ಬೆಂಚಾದ್ರೂ ಕೊಟ್ರಿ."

ನಾನು ನಗಲಿಲ್ಲ. ಡ್ಯೂಟಿಯಲ್ಲಿ ನಗುತ್ತಿರಲಿಲ್ಲ. ಕ್ವಾರ್ಟರ್ಸಿಗೆ ಹೋಗಿ ಅಕ್ಕಿ ತೊಳೆಯುವಾಗ ನಗು ಬಂತು.

ಗಾಯ ಮಾಯಿತು, ಬೆರಳುಗಳು ಮಡಿಯಲಿಲ್ಲ. ಕೊನೆಯ ದಿನ ಅವರು ಎದ್ದು ಹೋಗದೆ ನಿಂತರು. ಮನೆಯಲ್ಲಿ ಒಂದು ಕೆಲಸ ಅರ್ಧಕ್ಕೆ ನಿಂತಿದೆ, ಎರಡೂ ಕೈ ಬೇಕಾದ ಕೆಲಸ, ದಾರ ಕಟ್ಟುವುದು ಎಂದರು. ನನ್ನ ಬೆರಳುಗಳನ್ನು ನೋಡುತ್ತಿದ್ದರು.

"ದಿನಾ ಇಲ್ಲಿ ದಾರ ಕಟ್ಟೋದು ನೋಡ್ತಿದ್ದೆ. ನನ್ನ ಹಡಗಿಗೂ ಕಟ್ಟಿಕೊಡ್ತೀರಾ ಸಿಸ್ಟರ್?"

ಹುಣಸೂರಿನಲ್ಲಿ ಹಡಗು! ಸಮುದ್ರ ಬೇಕಾದರೆ ಘಟ್ಟ ಇಳಿಯಬೇಕು. ನಮ್ಮಲ್ಲಿರುವುದು ಲಕ್ಷ್ಮಣತೀರ್ಥ, ಬೇಸಿಗೆಯಲ್ಲಿ ಅದರಲ್ಲಿ ಎಮ್ಮೆಯೂ ಮುಳುಗುವುದಿಲ್ಲ. ಶನಿವಾರ ಸಂಜೆ ನಾಲ್ಕೂವರೆಗೆ ಬಂದು ಅರ್ಧ ಗಂಟೆ ನೋಡಿಹೋಗುತ್ತೇನೆ ಎಂದೆ. ಒಬ್ಬಂಟಿ ಗಂಡಸಿನ ಮನೆ; ಮದುವೆಯಾಗಿ ಎರಡೇ ವರ್ಷಕ್ಕೆ ಹೆಂಡತಿ ತೀರಿಕೊಂಡಿದ್ದರಂತೆ. ಅದಕ್ಕೆ ಕೆಂಪಮ್ಮನನ್ನು ಜೊತೆಗೆ ಕರೆದುಕೊಂಡೆ.

ಕೆಂಪಮ್ಮನೆಂದರೆ ನನ್ನ ಮನೆಯ ಪಾತ್ರೆ ಬಟ್ಟೆ ನೋಡಿಕೊಳ್ಳುತ್ತಿದ್ದವಳು. ಹೊಗೆಸೊಪ್ಪಿನ ಕಾಲ ಬಂತೆಂದರೆ ಅವಳನ್ನು ಹಿಡಿಯಲಾಗುತ್ತಿರಲಿಲ್ಲ. ಎಲೆ ಬೇಯಿಸಿ ಒಣಗಿಸುವ ಬ್ಯಾರನ್ನಿನ ಮುಂದೆ ಕುಳಿತು, ಉದ್ದನೆಯ ಕಡ್ಡಿಗೆ ಹಸಿ ಎಲೆಗಳನ್ನು ದಾರದಲ್ಲಿ ಪೋಣಿಸಿ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಳು. ಆ ಬದಿಗೊಂದು ಹಿಡಿ, ಈ ಬದಿಗೊಂದು ಹಿಡಿ, ನಡುವೆ ದಾರದ ಒಂದು ತಿರುವು. ಮಾತಾಡುತ್ತಾ, ಬೈಯುತ್ತಾ, ಕೈಯನ್ನು ನೋಡದೆಯೇ ಕಟ್ಟುತ್ತಿದ್ದಳು. ಎಲೆಯ ಅಂಟಿಗೆ ಅವಳ ಅಂಗೈ ಕಪ್ಪಾಗಿರುತ್ತಿತ್ತು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

ನಂಜಪ್ಪನವರ ಮನೆ ಮಿಲ್ಲಿನ ಹಿಂದಿನ ಓಣಿಯಲ್ಲಿ. ನಡುಮನೆಯಲ್ಲಿ ಒಂದು ಬೆಂಚು, ಬೆಂಚಿನ ಮೇಲೆ ಬಿಳಿ ಪಂಚೆ ಹೊದಿಸಿದ್ದ ಏನೋ ಒಂದು. ಪಂಚೆ ತೆಗೆದರು. ಮೂರಡಿ ಉದ್ದದ ತೇಗದ ಹಡಗು. ಒಂದೊಂದು ಹಲಗೆಯನ್ನೂ ಬಿಸಿನೀರಿನಲ್ಲಿ ನೆನೆಸಿ ಬಗ್ಗಿಸಿ ಕೂರಿಸಿದ್ದರು. ಮೂರು ಹಾಯಿಕಂಬಗಳು, ಅಡ್ಡಮರಗಳು, ಬೀಟೆಯಲ್ಲಿ ಕೊರೆದ ಹೆಸರುಕಾಳಿನಷ್ಟು ರಾಟೆಗಳು, ಪ್ರತಿ ರಾಟೆಗೂ ಸೂಜಿ ತೂರುವಷ್ಟು ತೂತು. ಹಗ್ಗ ಮಾತ್ರ ಒಂದೂ ಇರಲಿಲ್ಲ.

ಕೆಂಪಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಬಟ್ಟೆ ಒಣಾಕಕ್ಕೆ ಇಷ್ಟೊಂದ್ ಕಂಬ ಯಾಕಣ್ಣ? ನಿಮ್ಮವು ಇರೋದೇ ಎಲ್ಡು ಪಂಚೆ."

ಅವರು ಹಾಯಿಹಡಗಿನಲ್ಲಿ ಕೆಲಸ ಮಾಡಿದವರಲ್ಲ. ಅವರಿದ್ದದ್ದೆಲ್ಲ ಕಬ್ಬಿಣದ ಹಡಗುಗಳಲ್ಲಿ. ಒಂದೇ ಒಂದು ಸಲ, ಕೊಚ್ಚಿಯಲ್ಲಿ, ಬೆಳಗಿನ ಹೊತ್ತು ಡೆಕ್ಕು ಉಜ್ಜುತ್ತಿದ್ದಾಗ, ಎಲ್ಲಿಯದೋ ಒಂದು ಮೂರು ಕಂಬದ ಹಡಗು ಎಲ್ಲ ಹಾಯಿ ಬಿಚ್ಚಿಕೊಂಡು ಸದ್ದಿಲ್ಲದೆ ಹತ್ತಿರದಲ್ಲೇ ಹಾದುಹೋಯಿತಂತೆ. ಅಷ್ಟು ದೊಡ್ಡದು ಅಷ್ಟು ಸದ್ದಿಲ್ಲದೆ ಹೋಗುವುದನ್ನು ತಾನು ಕಂಡಿರಲಿಲ್ಲ ಎಂದರು. ಕೈಯಲ್ಲಿದ್ದ ಬಕೆಟ್ ಕೆಳಗಿಡುವುದನ್ನೂ ಮರೆತು ನಿಂತುಬಿಟ್ಟಿದ್ದರಂತೆ. ಆಮೇಲೆ ಪುಸ್ತಕಗಳಲ್ಲಿ ಹುಡುಕಿ, ನಕ್ಷೆ ಬರೆದುಕೊಂಡು, ಮಿಲ್ಲಿನ ಚೂರುಪಾರು ಮರ ಕೂಡಿಸಿ, ಹನ್ನೆರಡು ವರ್ಷದಿಂದ ಕಟ್ಟುತ್ತಿದ್ದರು.

ಅಡಿಗೆ ಕಾಲು ಇಂಚು, ಅದು ಅವರ ಅಳತೆ. ನಿಜವಾದ ಹಡಗಿನ ಒಂದಡಿ ಇಲ್ಲಿ ಕಾಲು ಇಂಚು. ಹಲಗೆಯ ಅಗಲ, ಬಾಗಿಲಿನ ಎತ್ತರ, ನೀರಿನ ಪೀಪಾಯಿ ಎಲ್ಲವೂ ಅದೇ ಲೆಕ್ಕ. ಆ ಲೆಕ್ಕಕ್ಕೆ ಸರಿಯಾಗಿ ಅವರು ಒಬ್ಬ ಆಳನ್ನೂ ಕೆತ್ತಿದ್ದರು, ಒಂದೂವರೆ ಇಂಚಿಗೆ ಚೂರು ಕಮ್ಮಿ. ಯಾವ ಹಗ್ಗ ಎಲ್ಲಿ ಬರಬೇಕೆಂಬ ಅನುಮಾನ ಬಂದಾಗ ಆ ಆಳನ್ನು ಚಿಮುಟದಲ್ಲಿ ಹಿಡಿದು ಡೆಕ್ಕಿನ ಮೇಲೆ ನಿಲ್ಲಿಸುತ್ತಿದ್ದರು. ಇವನ ಕೈಗೆ ಎಟುಕಬೇಕು, ಇವನ ಕಾಲಿಗೆ ತೊಡರಬಾರದು. ಅವನು ಒಪ್ಪಿದರೆ ಸರಿ. ಕೆಂಪಮ್ಮ ಅವನಿಗೆ ಮೇಸ್ತ್ರಿ ಎಂದು ಹೆಸರಿಟ್ಟಳು.

ಹೇಳಿದರೆ ನಂಬುತ್ತೀರೋ ಇಲ್ಲವೋ, ನನ್ನ ಮನಸ್ಸು ಸೋತದ್ದು ಆ ಅಳತೆಗೆ. ಇಷ್ಟು ಶಿಸ್ತಿನ ವಸ್ತುವನ್ನು ನಾನು ಆಸ್ಪತ್ರೆಯ ಹೊರಗೆ ನೋಡಿರಲಿಲ್ಲ. ಅರ್ಧ ಗಂಟೆಗೆಂದು ಹೋದವಳು ಅಲ್ಲೇ ವೇಳಾಪಟ್ಟಿ ಹಾಕಿದೆ: ಬೆಳಗಿನ ಡ್ಯೂಟಿ ಇರುವ ದಿನಗಳಲ್ಲೆಲ್ಲ ನಾಲ್ಕೂವರೆಯಿಂದ ಐದೂವರೆ. ಮಾರನೆಯ ದಿನ ಒಂದು ರೂಲ್ಡ್ ಹಾಳೆ ತೆಗೆದುಕೊಂಡು ಅವರ ನಕ್ಷೆ ನೋಡಿ ಹಗ್ಗಗಳನ್ನೆಲ್ಲ ಪಟ್ಟಿಮಾಡಿ ನಂಬರು ಕೊಟ್ಟೆ. ನೂರ ನಲವತ್ತೆರಡು. ಅವರು ಪಟ್ಟಿಯನ್ನು ನೋಡಿ, ಎರಡೂ ಕೈಯಲ್ಲಿ ಹಿಡಿದು, ಗೋಡೆಯ ಮೇಲೆ ದೇವರ ಪಟದ ಪಕ್ಕ ಅಂಟಿಸಿದರು.

ಆಯುಧಪೂಜೆ ಮುಗಿದ ವಾರ ಶುರುಮಾಡಿದೆವು. ಅವರು ದಾರ ಹೊಸೆದು ಹಗ್ಗ ಮಾಡುವುದು, ನಾನು ಕಟ್ಟುವುದು. ಹೊಲಿಗೆ ದಾರದ ಎಳೆಗಳನ್ನು ಕೈಡ್ರಿಲ್ಲಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಬಲಗೈಯಲ್ಲಿ ತಿರುಗಿಸುತ್ತಾ, ಮಡಿಯದ ಎರಡು ಬೆರಳುಗಳ ನಡುವೆ ದಾರ ಹಾಯಿಸುತ್ತಿದ್ದರು. ದೊಡ್ಡ ಹಗ್ಗಕ್ಕೆ ಆರು ಎಳೆ, ಸಣ್ಣದಕ್ಕೆ ಎರಡು. ನೂಲಿನಷ್ಟು ದಪ್ಪ ಹೆಚ್ಚಾದರೂ ಬಿಸಾಡುತ್ತಿದ್ದರು. ನನ್ನ ಕಣ್ಣಿಗೆ ಎರಡೂ ಒಂದೇ. ಅವರು ಉಗುರಿನ ಮೇಲೆ ಎಳೆದು ನೋಡಿ, ಈ ಹಗ್ಗ ಈ ಹಡಗಿನದಲ್ಲ ಎನ್ನುತ್ತಿದ್ದರು. ಹೊಸೆದದ್ದನ್ನು ಜೇನುಮೇಣದ ಮೇಲೆ ಎಳೆಯುವುದು ಕೊನೆಯ ಕೆಲಸ. ಮೇಣ ವೀರನಹೊಸಹಳ್ಳಿ ಕಡೆಯ ಕಾಡಿನ ಜನರ ಹಾಡಿಯಿಂದ ಬರುತ್ತಿತ್ತು. ಅಲ್ಲಿಯ ಹಿರಿಯರೊಬ್ಬರು ಮಿಲ್ಲಿಗೆ ಬಂದಾಗ ಇವರಿಗೆಂದೇ ಎಲೆಯಲ್ಲಿ ಸುತ್ತಿ ತರುತ್ತಿದ್ದರು. ಮೇಣ ಹಿಡಿದ ದಾರಕ್ಕೆ ಜುಂಗು ಏಳುವುದಿಲ್ಲ, ಗಂಟು ಜಾರುವುದಿಲ್ಲ. ನಾಲ್ಕೂವರೆಯೆಂದರೆ ನನ್ನ ಮೂಗಿಗೆ ಆ ವಾಸನೆ.

ಮೊದಲ ವಾರದಲ್ಲೇ ನಾನು ಮಾಡಿದ ಘನಕಾರ್ಯ ಕೇಳಿ. ನನ್ನ ಟ್ರೈನಿಂಗ್ ಕಾಲದ ಚಿಮುಟ, ಕತ್ತರಿಗಳನ್ನು ತೆಗೆದುಕೊಂಡು ಹೋಗಿ, ಗಾಯಕ್ಕೆ ಹಾಕುವ ಮೂರು ಸುತ್ತಿನ ಗಂಟು ಹಾಕಿ, ಉಳಿದ ತುದಿಗಳನ್ನು ಬುಡಕ್ಕೆ ಸರಿಯಾಗಿ ಕತ್ತರಿಸಿ, ಮೂವತ್ತು ಹಗ್ಗ ಮುಗಿಸಿದೆ. ನೋಡಲು ಎಷ್ಟು ಅಚ್ಚುಕಟ್ಟು! ನಂಜಪ್ಪನವರು ಮೂರು ದಿನ ಏನೂ ಹೇಳಲಿಲ್ಲ. ನಾಲ್ಕನೆಯ ದಿನ ಮೇಸ್ತ್ರಿಯನ್ನು ಹಗ್ಗ ಕಟ್ಟುವ ಒಂದು ಗೂಟದ ಮುಂದೆ ನಿಲ್ಲಿಸಿದರು.

"ಗಾಳಿ ತಿರುಗ್ತು ಅಂತ ಇಟ್ಕೊಳ್ಳಿ. ಇವನು ಹಾಯಿ ಇಳಿಸಬೇಕು. ಏನನ್ನ ಬಿಚ್ಚಬೇಕು ಸಿಸ್ಟರ್?"

ಬಿಚ್ಚಲು ಏನೂ ಇರಲಿಲ್ಲ. ಹಡಗಿನ ಹಗ್ಗವನ್ನು ಕಟ್ಟುವುದೇ ಬಿಚ್ಚುವುದಕ್ಕಂತೆ. ಗೂಟಕ್ಕೆ ಎಂಟರ ಆಕಾರದಲ್ಲಿ ಸುತ್ತಿ, ಉಳಿದ ಉದ್ದವನ್ನು ಕತ್ತರಿಸದೆ ಸುರುಳಿಮಾಡಿ ಅದೇ ಗೂಟಕ್ಕೆ ತೂಗುಹಾಕಬೇಕು. ನಾನು ಕಲಿತ ವಿದ್ಯೆಯಲ್ಲಿ ಗಂಟು ಎಂದೂ ಬಿಚ್ಚಿಕೊಳ್ಳಬಾರದು. ಬಿಚ್ಚಿಕೊಂಡರೆ ಮೆಮೊ ಬರುತ್ತಿತ್ತು. ಮುಖ ಕೆಂಪಗೆ ಮಾಡಿಕೊಂಡು ಮೂವತ್ತನ್ನೂ ಕತ್ತರಿಸಿ ತೆಗೆದು ಮತ್ತೆ ಮೊದಲಿಂದ ಕಟ್ಟಿದೆ. ಅವರು ಅಷ್ಟೂ ಹಗ್ಗವನ್ನು ಮತ್ತೆ ಹೊಸೆದುಕೊಟ್ಟರು. ಸಂತೋಷವಾಗಿರುವಂತೆ ಕಂಡರು. ಕೆಲಸ ಹೆಚ್ಚಾಯಿತೆಂದು ಸಂತೋಷಪಡುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಯಾಕೆಂದು ಯೋಚಿಸಲೂ ಇಲ್ಲ.

ಇನ್ನೊಂದು ತೊಂದರೆ, ಹಗ್ಗ ಜೋಲುವುದು. ನಿಜವಾದ ಹಡಗಿನಲ್ಲಿ ಬಿಗಿಯಿಲ್ಲದ ಹಗ್ಗ ತನ್ನ ಭಾರಕ್ಕೇ ಕೆಳಗೆ ಬಾಗಿರುತ್ತದೆ, ಬಾವಿಯ ಹಗ್ಗದ ಹಾಗೆ. ದಾರಕ್ಕೆ ಭಾರವೆಲ್ಲಿ? ಎಲ್ಲವನ್ನೂ ಅಳತೆಗೆ ಇಳಿಸಬಹುದು, ಭಾರವನ್ನು ಇಳಿಸಲಾಗುವುದಿಲ್ಲ. ಸಡಿಲ ಬಿಟ್ಟರೆ ದಾರ ಹುಲ್ಲುಕಡ್ಡಿಯಂತೆ ಮೇಲಕ್ಕೆ ಸೆಟೆದುಕೊಳ್ಳುತ್ತಿತ್ತು. ತೆಳ್ಳಗೆ ಗೋಂದು ಸವರಿ, ನಡುವೆ ಭಾರ ತೂಗಿಬಿಟ್ಟು ಒಣಗಿಸಬೇಕು. ಭಾರಕ್ಕೆ ನನ್ನ ಚಿಮುಟಗಳನ್ನೇ ತೂಗುಹಾಕುತ್ತಿದ್ದೆವು. ಸಂಜೆಯ ಹೊತ್ತಿಗೆ ಹಡಗು ಆಪರೇಷನ್ ಆಗುತ್ತಿರುವ ರೋಗಿಯ ಹಾಗೆ ಕಾಣುತ್ತಿತ್ತು.

"ದಾರಕ್ಕೆ ತಾನು ಹಗ್ಗ ಅಂತ ಗೊತ್ತಿಲ್ಲ ಸಿಸ್ಟರ್," ಎಂದರು ಒಂದು ದಿನ, ಗೋಂದಿನ ಕುಂಚ ಹಿಡಿದುಕೊಂಡು. "ನಾವೇ ಹೇಳಿಕೊಡಬೇಕು."

ಇಂಥ ಮಾತುಗಳನ್ನು ಅವರು ಎಷ್ಟು ಸಾಧಾರಣವಾಗಿ ಹೇಳುತ್ತಿದ್ದರೆಂದರೆ, ಅದು ನನ್ನೊಳಗೆ ಇಳಿಯಲು ಕ್ವಾರ್ಟರ್ಸಿನ ಬಾಗಿಲು ಬರಬೇಕಿತ್ತು.

ಕಂಬ ಹತ್ತುವ ಹಗ್ಗದ ಏಣಿಗಳ ಹತ್ತಿರ ಬಂದಾಗ ನಾನು ಸೋತೆ. ಕೆಳಗಿನಿಂದ ಮೇಲಕ್ಕೆ ಏಳು ಹಗ್ಗ, ಅದಕ್ಕೆ ಅಡ್ಡಲಾಗಿ ಕಾಲು ಇಂಚಿಗಿಂತ ಚೂರು ಹೆಚ್ಚಿನ ಅಂತರದಲ್ಲಿ ಮೆಟ್ಟಿಲು, ಒಂದೊಂದು ಮೆಟ್ಟಿಲಿಗೂ ಏಳು ಗಂಟು. ಬಿಗಿ ಹೆಚ್ಚಾದರೆ ಏಣಿ ಸೊಂಟ ಬಿಗಿದು ಕಟ್ಟಿಕೊಂಡವರ ಹಾಗೆ ನಡುವೆ ಸಣ್ಣಗಾಗುತ್ತಿತ್ತು. ನನ್ನ ಕೈ ಬಿಗಿ. ಜೀವನವಿಡೀ ಬಿಗಿಯಾಗಿ ಕಟ್ಟಿದ ಕೈ. ಮೂರು ಸಲ ಕಟ್ಟಿ ಮೂರು ಸಲ ಕತ್ತರಿಸಿದೆ. ಹೊಸ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಕೆಂಪಮ್ಮನಿಗೆ ಸಹಿಸಲಾಗಲಿಲ್ಲ.

"ಸರ್ಕಳಿ ಸಿಸ್ಟ್ರಮ್ಮ. ಕತ್ತು ಇಸುಕ್ದಂಗೆ ಯಾಕ್ ಕಟ್ತೀರಿ? ಎಲೆ ಕಟ್ಟೋವಾಗ ಇಂಗ್ ಬಿಗುದ್ರೆ ದಂಟು ಕತ್ತರಿಸ್ಕಂಡ್ ಬೀಳ್ತದೆ, ರೈತ ನಮ್ಮನ್ನೇ ಬೇಯ್ಸ್ತಾನೆ."

ಸೀರೆಗೆ ಕೈ ಒರೆಸಿಕೊಂಡು ಕುಳಿತಳು. ಎಲೆಯ ಕಾಂಡ ಹಿಡಿಯುವಷ್ಟೇ ಬಿಗಿ, ಅದಕ್ಕಿಂತ ಹೆಚ್ಚಿಲ್ಲ. ಮೂರು ವಾರದಲ್ಲಿ ಮೂರು ಕಂಬದ ಆರೂ ಏಣಿ ಮುಗಿಸಿದಳು, ಅಷ್ಟೂ ದಿನ ನಾದಿನಿಯ ಮೇಲಿನ ದೂರು ಹೇಳುತ್ತಲೇ. ಹಡಗಿನಲ್ಲಿ ಅತ್ಯಂತ ಚೆಂದದ ಕೆಲಸ ಅವಳದು. ಇದನ್ನು ಒಪ್ಪಿಕೊಳ್ಳಲು ನನಗೆ ಆಗ ಸ್ವಲ್ಪ ಕಷ್ಟವಾಗಿತ್ತು, ಈಗ ಇಲ್ಲ.

ನನಗೂ ನಂಜಪ್ಪನವರಿಗೂ ಜಗಳವಾಗುತ್ತಿದ್ದದ್ದು ಒಂದೇ ಪದಕ್ಕೆ. ಐದೂ ಇಪ್ಪತ್ತಕ್ಕೆ ನಾನು ಇನ್ನೊಂದು ಹಗ್ಗ ಮುಗಿಸೋಣವೆಂದರೆ, ಅವರು "ನಾಳೆ ನೋಡೋಣ ಬಿಡಿ ಸಿಸ್ಟರ್" ಎಂದು ಒಲೆ ಹಚ್ಚಿ ಟೀಗೆ ಇಡುತ್ತಿದ್ದರು. ನಾಳೆ ಎಂಬ ಮಾತು ನನ್ನ ಬಾಯಲ್ಲಿ ಬಂದದ್ದೇ ಇರಲಿಲ್ಲ. ವಾರ್ಡಿನಲ್ಲಿ ನಾಳೆ ಎಂದವರನ್ನು ನಾನು ನಿಲ್ಲಿಸಿ ಕೇಳುತ್ತಿದ್ದೆ. ಒಮ್ಮೆ ಅವರು, ಸಮುದ್ರ ನೋಡಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ, ರಜೆ ಎಲ್ಲಿ. ಅವರು ಸ್ವಲ್ಪ ಹೊತ್ತು ಹಗ್ಗ ಹೊಸೆದು, ಕೊಚ್ಚಿಗೆ ಇಲ್ಲಿಂದ ಒಂದು ರಾತ್ರಿಯ ಪ್ರಯಾಣವೆಂದೂ, ಕೆಂಪಮ್ಮನನ್ನೂ ಕರೆದುಕೊಂಡು ಹೋಗಬಹುದೆಂದೂ ಹೇಳಿದರು. ನಾನು ಪಟ್ಟಿ ನೋಡಿ, ಇವತ್ತು ತೊಂಬತ್ತೊಂದನೆಯದು ಮುಗಿಯಬೇಕು ಎಂದೆ. ಅವರು ಸರಿ ಎಂದರು. ಆ ಮಾತು ಮತ್ತೆ ಬರಲಿಲ್ಲ.

ಆ ಒಂದು ಗಂಟೆಗಾಗಿ ನನ್ನ ಉಳಿದ ಇಪ್ಪತ್ತಮೂರು ಗಂಟೆಗಳು ಕಾಯುತ್ತಿದ್ದವು. ಇದನ್ನು ನಾನು ಈಗ ಬರೆಯುತ್ತಿದ್ದೇನೆ. ಆಗ ನನಗೆ ನಾನೇ ಹೇಳಿಕೊಂಡಿದ್ದರೆ ಕಾಗದ ಇಷ್ಟು ಖರ್ಚಾಗುತ್ತಿರಲಿಲ್ಲ.

ಯುಗಾದಿಗೆ ಮೊದಲು ಬಡ್ತಿಯ ಆದೇಶ ಬಂತು: ಹೆಗ್ಗಡದೇವನಕೋಟೆಯ ಆಸ್ಪತ್ರೆಗೆ, ಒಂದು ವಾರದೊಳಗೆ. ಉಳಿದದ್ದು ಒಂಬತ್ತು ಹಗ್ಗ. ರಜೆ ಹಾಕಿ, ದಿನಕ್ಕೆರಡು ಗಂಟೆಯಂತೆ ಎಂಟು ಹಗ್ಗ ಮುಗಿಸಿದೆ. ನಂಜಪ್ಪನವರು ದಾರ ಹೊಸೆದು ಕೊಟ್ಟರು, ಎಂದಿಗಿಂತ ನಿಧಾನವಾಗಿ. ಕೊನೆಯದು, ನೂರ ನಲವತ್ತೆರಡು, ಹಡಗಿನ ಹಿಂತುದಿಯ ಬಾವುಟದ ಹಗ್ಗ. ಬೆಳಿಗ್ಗೆ ಬಾವುಟ ಏರಿಸುವುದಕ್ಕೆ, ಸಂಜೆ ಇಳಿಸುವುದಕ್ಕೆ. ಬಂದರಿನಲ್ಲಿ ನಿಂತ ಹಡಗಿನಲ್ಲೂ ದಿನವೂ ಬಿಚ್ಚಿ ಕಟ್ಟುವ ಹಗ್ಗ ಅದೊಂದೇ ಎಂದಿದ್ದರು. ಅದನ್ನು ರಾಟೆಗೆ ಹಾಯಿಸಿ ತುದಿ ಸಡಿಲ ಬಿಟ್ಟು, "ಇದೊಂದು ಇರಲಿ ಸಿಸ್ಟರ್, ನೀವು ಯಾವಾಗಲಾದ್ರೂ ಬಂದಾಗ ಕಟ್ಟೋರಂತೆ," ಎಂದು ಟೀ ಮಾಡಲು ಒಳಗೆ ಹೋದರು.

ಗೋಡೆಯ ಮೇಲಿನ ಪಟ್ಟಿ ನೋಡಿದೆ. ನೂರ ನಲವತ್ತೊಂದು ಗೆರೆಗಳ ಎದುರೂ ಟಿಕ್ಕು, ಕೊನೆಯದರ ಎದುರು ಮಾತ್ರ ಖಾಲಿ. ಚಾರ್ಜು ಒಪ್ಪಿಸಿ ಹೋಗುವಾಗ ಒಂದು ಗೆರೆ ಖಾಲಿ ಬಿಟ್ಟುಹೋಗುವುದು ನನ್ನಿಂದ ಆಗಲಿಲ್ಲ. ಹಗ್ಗ ಎಳೆದು ಬಿಗಿಮಾಡಿ ಗಂಟು ಹಾಕಿದೆ. ಅವಸರದಲ್ಲಿ ಕೈಗೆ ಬಂದದ್ದು ಹಳೆಯ ಗಂಟು, ಮೂರು ಸುತ್ತಿನದು. ಮೂವತ್ತು ಹಗ್ಗ ಕತ್ತರಿಸಿ ಕಲಿತಿದ್ದ ಪಾಠ ಆ ಒಂದು ನಿಮಿಷದಲ್ಲಿ ಮರೆತುಹೋಯಿತು. ತುದಿಯನ್ನು ಬುಡಕ್ಕೇ ಕತ್ತರಿಸಿ, ಎದ್ದು ಪಟ್ಟಿಯಲ್ಲಿ ಟಿಕ್ಕು ಹಾಕಿದೆ. ಕೆಂಪಮ್ಮ ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದಳು. ಅವಳು ಮಾತಾಡದೆ ಇದ್ದದ್ದು ಅದೊಂದೇ ಸಂಜೆ.

ನಂಜಪ್ಪನವರು ಲೋಟಗಳನ್ನು ಹಿಡಿದು ಬಂದು ನಿಂತರು.

"ಇದನ್ನೂ ಕಟ್ಟಿಬಿಟ್ರಾ?"

"ಕೆಲಸ ಅರ್ಧ ಬಿಟ್ಟುಹೋಗುವ ಅಭ್ಯಾಸ ನನಗಿಲ್ಲ," ಎಂದೆ.

"ಹೌದು," ಎಂದರು. "ಹಾಗಾದ್ರೆ ಮುಗೀತು."

ಟೀ ಕುಡಿದೆವು. ಹೊರಡುವಾಗ ಮೇಣದ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು, ಇನ್ನು ಇಲ್ಲಿ ಅದಕ್ಕೆ ಕೆಲಸವಿಲ್ಲವೆಂದು. ಪಟ್ಟಿಯನ್ನೂ ನಾನೇ ಬಿಡಿಸಿಕೊಂಡು ಬಂದೆ. ಮುಗಿದ ಕೆಲಸದ ಕಾಗದ ಕಡತಕ್ಕೆ ಸೇರಬೇಕಲ್ಲ.

ಎಚ್.ಡಿ. ಕೋಟೆಯಿಂದ ಹುಣಸೂರು ದೂರವೇನಲ್ಲ. ಆದರೆ ಯಾವ ಕೆಲಸದ ಮೇಲೆ ಹೋಗುವುದು? ಹಗ್ಗವೊಂದು ಕಿತ್ತುಹೋಗಿದೆ, ಬಂದು ಕಟ್ಟಿಕೊಡಿ ಎಂದು ಒಂದು ಕಾಗದ ಬಂದಿದ್ದರೆ ಮೊದಲ ಬಸ್ಸಿಗೆ ಹೊರಡುತ್ತಿದ್ದೆ. ಮೊದಮೊದಲು ದಿನವೂ ನಾಲ್ಕೂವರೆಗೆ ಗಡಿಯಾರ ನೋಡುತ್ತಿದ್ದೆ. ಕಾಗದ ಬರಲಿಲ್ಲ. ಚೆನ್ನಾಗಿ ಕಟ್ಟಿದ್ದೆನಲ್ಲ, ಯಾಕೆ ಕೀಳುತ್ತದೆ? ವರ್ಷಗಳು ಹೋದವು, ಸರಗೂರು, ಪಿರಿಯಾಪಟ್ಟಣ, ನಿವೃತ್ತಿ. ಆರು ವರ್ಷದ ಹಿಂದೆ, ಹಳೆಯ ಸಹೋದ್ಯೋಗಿಯೊಬ್ಬಳು ಯಾವುದೋ ಮದುವೆಯಲ್ಲಿ ಸಿಕ್ಕವಳು, ಡ್ರೆಸ್ಸಿಂಗಿಗೆ ಬರುತ್ತಿದ್ದ ಮಿಲ್ಟ್ರಿಯವರು ತೀರಿಕೊಂಡು ತಿಂಗಳಾಯಿತು ಎಂದಳು. ಊಟದ ಎಲೆಯ ಮುಂದೆ ಕುಳಿತಿದ್ದೆ. ಎಲ್ಲವನ್ನೂ ಮುಗಿಸಿ ಎದ್ದೆ, ಬಿಡುವ ಅಭ್ಯಾಸವಿಲ್ಲವಲ್ಲ.

ಆ ಬುಧವಾರ, ಗುಂಡಿ ಹೊಲಿಯದ ಸ್ವೆಟರನ್ನೇ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಹುಣಸೂರಿನಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಹಾಗೆ ನಾನು ಬಸ್ಸು ಹತ್ತಿದ್ದು ಅದೇ ಮೊದಲು.

ಕೆಂಪಮ್ಮ ಇದ್ದದ್ದು ತನ್ನ ಹಳೆಯ ಓಣಿಯಲ್ಲೇ, ಹೊಸ ಮನೆಯಲ್ಲಿ. ಹಲ್ಲು ಹೋಗಿದೆ, ಮಾತು ಹೋಗಿಲ್ಲ. ನನ್ನನ್ನು ಕಂಡು ಎದ್ದು ನಿಂತಳು, ಮತ್ತೆ ಕುಳಿತಳು.

"ಈಗ ಪುರ್ಸೊತ್ತಾಯ್ತಾ ಸಿಸ್ಟ್ರಮ್ಮ?"

ಒಳಗೆ ಬೀರುವಿನ ಮೇಲೆ, ಬಿಳಿ ಪಂಚೆಯ ಕೆಳಗೆ, ಹಡಗು ಇತ್ತು. ಕೊನೆಯ ದಿನಗಳಲ್ಲಿ ಅವರೇ ಅವಳ ಮನೆಗೆ ಹೊರಿಸಿ ಕಳಿಸಿದ್ದರಂತೆ. ಇಬ್ಬರೂ ಸೇರಿ ಇಳಿಸಿದೆವು. ನನ್ನ ಕಣ್ಣು ಅಭ್ಯಾಸದಂತೆ ಒಂದರಿಂದ ಎಣಿಸುತ್ತಾ ಹೋಯಿತು. ಎಲ್ಲವೂ ನಾನು ಕಟ್ಟಿದ ಹಾಗೆಯೇ ಇತ್ತು. ಹಿಂತುದಿಗೆ ಬಂದಾಗ ನಿಂತೆ.

ಬಾವುಟದ ಹಗ್ಗ ನನ್ನದಾಗಿರಲಿಲ್ಲ. ನಾನು ಬಿಚ್ಚಲಾಗದ ಹಾಗೆ ಕಟ್ಟಿದ್ದನ್ನು ಯಾರೋ ಕತ್ತರಿಸಿ ತೆಗೆದು ಬೇರೆ ಹಗ್ಗ ಹಾಯಿಸಿದ್ದರು. ರಾಟೆಯಿಂದ ಇಳಿದು, ಗೂಟವನ್ನು ದಾಟಿ, ಕಟ್ಟದೆ ಬಿಟ್ಟ ಉದ್ದನೆಯ ತುದಿ. ಪಕ್ಕದಲ್ಲಿ ಮೇಸ್ತ್ರಿ ನಿಂತಿದ್ದ. ಬಗ್ಗಿ ನೋಡಿದೆ. ಹಗ್ಗ ದಪ್ಪವಾಗಿತ್ತು. ಎರಡು ಎಳೆ ಇರಬೇಕಾದಲ್ಲಿ ನಾಲ್ಕೋ ಐದೋ ಎಳೆ, ಅಲ್ಲಲ್ಲಿ ಉಬ್ಬು, ಮೇಣ ಕಾಣದೆ ಎದ್ದ ಜುಂಗು. ನೂಲಿನಷ್ಟು ಹೆಚ್ಚಾದರೂ ಬಿಸಾಡುತ್ತಿದ್ದವರ ಹಡಗಿನಲ್ಲಿ ಅಳತೆಗೆ ಬಾರದ ಒಂದೇ ಒಂದು ಹಗ್ಗ.

"ನೀವ್ ಓದ್ಮೇಲೆ ಕತ್ತರ್ಸ್ ತೆಗುದ್ರು," ಎಂದಳು ಕೆಂಪಮ್ಮ. "ಆ ಕೈಲಿ ಒಬ್ರೇ ಒಸ್ಯಕ್ಕಾಯ್ತದಾ? ಎಷ್ಟ್ ದಿನ ಒಸುದ್ರೋ. ನಾನೇ ಕಟ್ಕೊಡ್ತೀನಿ ಬುಡಣ್ಣ ಅಂದೆ. ಬ್ಯಾಡ ಕೆಂಪಮ್ಮ, ಅದು ಸಿಸ್ಟ್ರು ಕೆಲ್ಸ, ಕೆಲ್ಸ ಇದ್ರೆ ಬತ್ತಾರೆ ಅಂದ್ರು. ವರ್ಸಾ ವರ್ಸಾ ಆಯುಧಪೂಜೇಲಿ ಒರೆಸೋರು, ಅದೊಂದ್ ಮುಟ್ತಿರ್ಲಿಲ್ಲ."

"ಒಂದು ಕಾಗದ ಹಾಕಬಹುದಿತ್ತು," ಎಂದೆ. ನನ್ನ ಧ್ವನಿ ನನಗೇ ವಾರ್ಡಿನ ಧ್ವನಿಯಂತೆ ಕೇಳಿತು.

"ನಾನೂ ಅದ್ನೇ ಅಂದೆ. ಡ್ಯೂಟೀಲಿರ್ತಾರೆ, ತೊಂದ್ರೆ ಕೊಡಬಾರ್ದು ಅನ್ನೋರು. ನೀವಾದ್ರೂ ಬರಬಾರ್ದಾಗಿತ್ತಾ?"

"ಕೆಲಸವಿರಲಿಲ್ಲ ಕೆಂಪಮ್ಮ."

"ನಿಮ್ ಕೆಲ್ಸುಕ್ ಬೆಂಕಿ ಬೀಳ," ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಒರೆಸಿಕೊಳ್ಳಲಿಲ್ಲ.

ಹಡಗನ್ನು ನನ್ನೊಡನೆ ಕಳಿಸಿಯೇ ತೀರುತ್ತೇನೆಂದು ಹಟಹಿಡಿದು, ಅಷ್ಟಕ್ಕೇ ಬಿಡದೆ ತಾನೂ ಬಸ್ಸಿಗೆ ಹತ್ತಿದಳು. ಕೆ.ಆರ್. ನಗರದವರೆಗೆ ನಮ್ಮಿಬ್ಬರ ತೊಡೆಯ ಮೇಲೆ ಮೂರಡಿ ಹಡಗು. ಕಂಡಕ್ಟರು ನಮಗಿಬ್ಬರಿಗೂ ಫ್ರೀ ಟಿಕೆಟ್ ಹರಿದು, ಹಡಗನ್ನು ನೋಡಿ, ಅಜ್ಜಿ, ಇದು ಹೆಂಗಸಾಗಿದ್ದರೆ ಬಿಡುತ್ತೇನೆ, ಇಲ್ಲದಿದ್ದರೆ ಲಗೇಜು ಎಂದ. ಹಿಂದಿನ ಸೀಟಿನವರೆಲ್ಲ ನಕ್ಕರು. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಕೆಂಪಮ್ಮ ಕಂಬಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಅವಳು ಕಟ್ಟಿದ ಏಣಿಯ ಒಂದು ಗಂಟೂ ಸಡಿಲವಾಗಲಿಲ್ಲ.

ಹಡಗು ಈಗ ನನ್ನ ಕಿಟಕಿಯ ಪಕ್ಕದ ಮೇಜಿನ ಮೇಲಿದೆ. ಕಡತದಿಂದ ಪಟ್ಟಿ ತೆಗೆದು ನೋಡಿದೆ. ನೂರ ನಲವತ್ತೆರಡರ ಎದುರು ನನ್ನ ಟಿಕ್ಕು, ಶಾಯಿಯದು, ಅಳಿಸಲಾಗುವುದಿಲ್ಲ. ದಿನವೂ ನಾಲ್ಕೂವರೆಗೆ ಅದರ ಮುಂದೆ ಕೂರುತ್ತೇನೆ. ಸಂಜೆಯ ಬೆಳಕು ಹಿಂದಿನಿಂದ ಬಿದ್ದಾಗ ಆ ಒಂದು ಹಗ್ಗ ಉಳಿದವಕ್ಕಿಂತ ಬೇರೆಯಾಗಿ ಕಾಣುತ್ತದೆ. ಉಳಿದ ಹಗ್ಗಗಳಿಗೆಲ್ಲ ನಾವು ಗೋಂದು ಸವರಿ, ಭಾರ ತೂಗಿ, ಬಾಗುವುದನ್ನು ಹೇಳಿಕೊಟ್ಟಿದ್ದೆವು. ಇದು ತನ್ನ ಭಾರಕ್ಕೆ ತಾನೇ ಜೋತುಬಿದ್ದಿದೆ, ನಿಜವಾದ ಹಗ್ಗದ ಹಾಗೆ.

ಮೊನ್ನೆ ತಂಗಿಯ ಮಗಳು ಕಾಫಿ ತಂದವಳು ಬಗ್ಗಿ ನೋಡಿ, "ದೊಡ್ಡಮ್ಮ, ಇಲ್ಲೊಂದು ಹಗ್ಗ ಕಟ್ಟೋದು ಬಿಟ್ಟುಹೋಗಿದೆ," ಎಂದಳು. ಚಿಮುಟ ಕೈಯಲ್ಲೇ ಇತ್ತು. ಮೇಣದ ಉಂಡೆಯೂ ಮೇಜಿನ ಮೇಲೆಯೇ ಇತ್ತು.

"ನಾಳೆ ನೋಡೋಣ ಬಿಡು," ಎಂದೆ.

ಅವಳು ಲೋಟ ಕೆಳಗಿಟ್ಟು, ನನ್ನ ಹಣೆ ಮುಟ್ಟಿ ನೋಡಿದಳು.